ಒಬ್ಬರೇ ಶಿಕ್ಷಕಿ, 16 ಮಕ್ಕಳು: ವ್ಯವಹಾರ ಕಲಿಸುವುದು ಹೇಗೆ?

ಪ್ರಶ್ನೆ: ಹಳ್ಳಿಯ ಸಣ್ಣ ಪ್ರೌಢಶಾಲೆಯಲ್ಲಿ ವ್ಯವಹಾರ ಅಧ್ಯಯನ ಕಲಿಸುವವಳು ನಾನೊಬ್ಬಳೇ. ಮೂರು ತರಗತಿ ಸೇರಿದರೂ 16 ಮಕ್ಕಳು. ತೋರಿಸಲು ಸುತ್ತಮುತ್ತ ಕಂಪನಿಗಳಿಲ್ಲ, ಶಾಲೆಯಲ್ಲಿರುವುದು ಒಂದೇ ಕಂಪ್ಯೂಟರ್. ಡೆಬಿಟ್, ಕ್ರೆಡಿಟ್ ಎಂದರೇನೆಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಲೆಕ್ಕ ಕೊಟ್ಟರೆ ತಡವರಿಸುತ್ತಾರೆ. ಏನು ಮಾಡಲಿ?

ಉತ್ತರ: ಶಾಲೆಯೊಳಗೇ ಒಂದು ಅಂಗಡಿ ತೆರೆಯಿರಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಒಂದು ಕಪಾಟಿನಲ್ಲಿ ಪೆನ್ನು, ನೋಟ್‌ಬುಕ್, ರಬ್ಬರ್ ಇಟ್ಟರೆ ಸಾಕು. 60 ಮಕ್ಕಳ ತರಗತಿಯಲ್ಲಿ ಇದು ಆಗದ ಮಾತು; 16 ಮಂದಿಯಾದರೆ ಎಲ್ಲರ ಕೈಗೂ ನಗದು ಪುಸ್ತಕ ಬರುತ್ತದೆ.

ದೊಡ್ಡವರು ಖರೀದಿ, ಲೆಕ್ಕ ನೋಡಲಿ. ಚಿಕ್ಕವರು ಮಾರಾಟ, ಸ್ಟಾಕ್ ಎಣಿಕೆ. ತಿಂಗಳಿಗೊಮ್ಮೆ ಅದಲುಬದಲು. ಒಂದು ಮಾತ್ರ ಕಟ್ಟುನಿಟ್ಟು: ಹಣ ಇಟ್ಟುಕೊಳ್ಳುವವರು ಲೆಕ್ಕ ಬರೆಯಕೂಡದು.

ಮೊದಲ ವಾರವೇ ಜಗಳ ಬರುತ್ತದೆ. 10ಕ್ಕೆ ಕೊಂಡ ನೋಟ್‌ಬುಕ್ 12ಕ್ಕೆ ಮಾರಿದರೆ ಲಾಭ ಶೇ 20 ಎಂದು ಒಬ್ಬ, ಶೇ 16.67 ಎಂದು ಇನ್ನೊಬ್ಬಳು. ತೀರ್ಪು ಕೊಡಲು ಅವಸರಪಡಬೇಡಿ. ಇಬ್ಬರದ್ದೂ ಸರಿ: ಅವನದು ಕೊಂಡ ಬೆಲೆಯ ಮೇಲೆ, ಇವಳದು ಮಾರಿದ ಬೆಲೆಯ ಮೇಲೆ. ತಿಂಗಳ ಖರ್ಚು 60 ಆದರೆ ಎಷ್ಟು ನೋಟ್‌ಬುಕ್ ಹೋದರೆ ಅಸಲು ಗಿಟ್ಟೀತು ಎಂದು ಆಮೇಲೆ ಕೇಳಿ. 30 ಎಂಬ ಉತ್ತರ ಬಂದ ಮೇಲೆ ಬ್ರೇಕ್‌-ಈವನ್ ಎಂಬ ಹೆಸರು ಹೇಳಿದರಾಯಿತು.

ಉದ್ರಿ ಬೇಡ ಎನ್ನುವವರಿದ್ದಾರೆ. ನನ್ನ ಕೇಳಿದರೆ, ಒಂದು ಮಿತಿ ಹಾಕಿ ಕೊಡಲಿ. ಗೆಳೆಯನ ಮುಂದೆ ನಿಂತು ಬಾಕಿ ಕೇಳುವ ಮುಜುಗರವನ್ನು ಪಠ್ಯಪುಸ್ತಕ ಕಲಿಸುವುದಿಲ್ಲ. ಲೆಕ್ಕದಲ್ಲಿ ಲಾಭವಿದ್ದೂ ಡಬ್ಬಿ ಯಾಕೆ ಖಾಲಿ ಎಂಬುದೂ ಆಗಲೇ ತಲೆಗೆ ಹೋಗುವುದು.

ತಿಂಗಳ ಕೊನೆಗೆ ತಾಳೆಪಟ್ಟಿಯ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತಗಳನ್ನು ಎದುರುಬದುರು ಬರೆದ ಪಟ್ಟಿ) ಎರಡು ಬದಿ ಕೂಡಿಬರದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಲು ಹೇಳಿ. ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು. 63ನ್ನು 36 ಎಂದು ಬರೆದರೆ ವ್ಯತ್ಯಾಸ 27. ಅಲ್ಲವಾದರೆ ವ್ಯತ್ಯಾಸವನ್ನು ಅರ್ಧ ಮಾಡಿ, ಅಷ್ಟು ಮೊತ್ತ ತಪ್ಪು ಬದಿಗೆ ಬಿದ್ದಿದೆಯೇ ಎಂದು ಹುಡುಕಲಿ. ಒಂದು ಮಧ್ಯಾಹ್ನವೇ ಹೋದೀತು, ಹೋಗಲಿ.

ಕಂಪ್ಯೂಟರ್ ಚಿಂತೆ ಬಿಡಿ. ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವ ಈ ಜೋಡಿ ನಮೂದಿನ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ವಿವರಿಸಿದ ಗ್ರಂಥ ವೆನಿಸ್‌ನಲ್ಲಿ ಅಚ್ಚಾದದ್ದು 1494ರಲ್ಲಿ! ಮೂರು ತಿಂಗಳು ಕೈಯಲ್ಲೇ ಬರೆಸಿ, ಆಮೇಲೆ ಅದೇ ಲೆಕ್ಕ ಸ್ಪ್ರೆಡ್‌ಶೀಟಿಗೆ ಏರಲಿ.

ನಿಮ್ಮ ಕೆಲಸ ಇಷ್ಟೇ: ದಿನವೂ ಬೀಗ ಹಾಕುವ ಮೊದಲು ಡಬ್ಬಿಯ ಹಣ ಎಣಿಸಿ, ಪುಸ್ತಕದೊಂದಿಗೆ ತಾಳೆ ನೋಡಿ ಸಹಿ ಹಾಕುವುದು. ಕಡಿಮೆ ಬಂದರೆ ಕಡಿಮೆ ಎಂದೇ ಬರೆಸಿ. ಪಾಪ ಅಂತ ನಿಮ್ಮ ಪರ್ಸ್‌ನಿಂದ ತುಂಬಿಸಬೇಡಿ.