ಕೊನೆಯ ಸೆಮಿಸ್ಟರ್‌ನ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಿಭಾಗ ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ವಿದ್ಯಾರ್ಥಿಗೆ 22 ವರ್ಷ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಎಂಟನೇ ಸೆಮಿಸ್ಟರ್, ಹಾಸ್ಟೆಲ್ ವಾಸ. ತಂದೆಗೆ ಹಾವೇರಿ ಕಡೆ ನಾಲ್ಕು ಎಕರೆ ಮೆಕ್ಕೆಜೋಳದ ಹೊಲ, ಜೊತೆಗೆ ಬಾಡಿಗೆಗೆ ಓಡಿಸುವ ಒಂದು ಗೂಡ್ಸ್ ಗಾಡಿ. ಅಕ್ಕನ ಮದುವೆಯಾಗಿದೆ. ಓದಿಗೆಂದು ಬ್ಯಾಂಕಿನಲ್ಲಿ 4 ಲಕ್ಷ ಶಿಕ್ಷಣ ಸಾಲವಿದೆ. ಈತ ತಾನಾಗಿ ಬಂದವನಲ್ಲ. ಮೆಸ್‌ನಲ್ಲಿ ಜೂನಿಯರ್ ಒಬ್ಬನ ಜೊತೆ ಕೈಕೈ ಮಿಲಾಯಿಸುವವರೆಗೆ ಜಗಳ ಹೋಗಿದ್ದರಿಂದ ವಾರ್ಡನ್ ಕಳಿಸಿದ್ದರು. ಚೀಟಿಯಲ್ಲಿ ಇದ್ದದ್ದು ಎರಡೇ ಮಾತು: ‘ಕೋಪ ಜಾಸ್ತಿ. ಬುದ್ಧಿ ಹೇಳಿ.’

ಬುದ್ಧಿ ಹೇಳುವುದು ಆಪ್ತಸಲಹೆಯ ಕೆಲಸವಲ್ಲ. ಹಾಗಾಗಿ ಮೊದಲ ಹತ್ತು ನಿಮಿಷ ಹೋದದ್ದು ಗೋಪ್ಯತೆಯ ಮಾತಿಗೆ. ವಾರ್ಡನ್‌ಗೆ ಹೋಗುವ ಉತ್ತರದಲ್ಲಿ ‘ವಿದ್ಯಾರ್ಥಿ ಬಂದಿದ್ದಾನೆ, ಭೇಟಿಗಳು ಮುಂದುವರಿಯುತ್ತವೆ’ ಎಂದಷ್ಟೇ ಇರುತ್ತದೆ. ಅವನ ಅಥವಾ ಬೇರೆಯವರ ಜೀವಕ್ಕೆ ಅಪಾಯ ಕಂಡರೆ ಮಾತ್ರ ಅವನಿಗೆ ತಿಳಿಸಿಯೇ ಮನೆಯವರಿಗೆ ಹೇಳಲಾಗುತ್ತದೆ. ಕಳಿಸಲ್ಪಟ್ಟು ಬಂದ ಹುಡುಗರ ಜೊತೆ ಇದನ್ನು ಬಿಟ್ಟು ಮುಂದೆ ಹೋದರೆ ಅವರು ‘ಏನಿಲ್ರಿ ಸರ್, ಎಲ್ಲಾ ಆರಾಮ ಐತಿ’ ಎಂದು ಎದ್ದು ಹೋಗುತ್ತಾರೆ.

ಆಮೇಲೆ ಅವನು ಹೇಳಿದ್ದು: ‘ಒಂದ್ ಕಂಪನಿನೂ ನನ್ನ ತಗೊಳ್ಳಿಲ್ರಿ. ನಾಲ್ಕ್ ವರ್ಷ ದಂಡ ಆತು.’ ರೂಮ್‌ಮೇಟ್‌ಗಳಿಬ್ಬರೂ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗಿದ್ದಾರೆ. ಮೂರು ಮಂಚದ ಕೋಣೆಯಲ್ಲಿ ಈಗ ಒಬ್ಬನೇ. ತರಗತಿಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಾತ್ರಿ ಮೂರೂವರೆ ನಾಲ್ಕರವರೆಗೆ ಮೊಬೈಲ್, ಏಳುವುದು ಹನ್ನೊಂದಕ್ಕೆ, ತಿಂಡಿ ತಪ್ಪುತ್ತದೆ. ವಾಲಿಬಾಲ್ ಬಿಟ್ಟು ತಿಂಗಳುಗಳಾಗಿವೆ. ಅಪ್ಪನ ಫೋನ್ ಬಂದರೆ ಎತ್ತುವುದಿಲ್ಲ, ಆಮೇಲೆ ‘ಕ್ಲಾಸಲ್ಲಿದ್ದೆ’ ಎಂದು ಮೆಸೇಜ್.

ಎಷ್ಟು ಕಂಪನಿಗಳ ಪರೀಕ್ಷೆಗೆ ಕೂತಿದ್ದೆ ಎಂದು ಕೇಳಿದಾಗ ಉತ್ತರ ಬಂತು: ಒಂದು. ಉಳಿದವುಗಳಿಗೆ ಹೆಸರನ್ನೇ ಕೊಟ್ಟಿಲ್ಲ. ಕ್ಯಾಂಪಸ್‌ಗೆ ಬರುವ ಹೆಚ್ಚಿನ ಕಂಪನಿಗಳು ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಇರಬೇಕು, ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇರಬಾರದು ಎಂದು ಕೇಳುತ್ತವೆ. ಈತನಿಗೆ ಮೂರನೇ ಸೆಮಿಸ್ಟರ್‌ನ ಗಣಿತ, ಹುಡುಗರು ‘ಎಂ-ತ್ರೀ’ ಅನ್ನುವ ವಿಷಯ, ಇನ್ನೂ ಪಾಸಾಗಿಲ್ಲ. ಮನೆಯಲ್ಲಿ ಇದು ಗೊತ್ತಿಲ್ಲ. ಅಂದರೆ ‘ಯಾರೂ ತಗೊಳ್ಳಲಿಲ್ಲ’ ಎಂಬುದು ನಡೆದ ಸಂಗತಿಯಲ್ಲ. ಒಂದನ್ನು ಬಿಟ್ಟು ಉಳಿದವುಗಳ ಬಾಗಿಲವರೆಗೆ ಅವನು ಹೋಗಿಯೇ ಇಲ್ಲ, ಹೋಗದಂತೆ ತಡೆದದ್ದು ಒಂದು ವಿಷಯ. ನಮ್ಮ ಅಂದಾಜಿನಲ್ಲಿ ಸಿಟ್ಟಿನ ಮೂಲ ಕೆಲಸ ಸಿಗದಿರುವುದೂ ಅಲ್ಲ. ಎರಡು ವರ್ಷದಿಂದ ಮುಚ್ಚಿಟ್ಟ ಈ ಬ್ಯಾಕ್. ಡಿಗ್ರಿ ಮುಗಿಯುವ ದಿನ ಹತ್ತಿರ ಬಂದಷ್ಟೂ ಅದು ಬಯಲಾಗುವ ದಿನವೂ ಹತ್ತಿರ ಬರುತ್ತದೆ. ಈ ಕಾಲದಲ್ಲಿ ಬರುವ ‘ಕೋಪಿಷ್ಠ’ರಲ್ಲಿ ಮೊದಲು ಹುಡುಕಬೇಕಾದದ್ದು ಇಂಥದ್ದನ್ನೇ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 14 ಬಂತು. 10ರಿಂದ 14 ಅಂದರೆ ಮಧ್ಯಮ, 15 ಮುಟ್ಟಿದರೆ ತೀವ್ರತೆಯ ಕಡೆಗೆ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ ಸೊನ್ನೆ ಹಾಕಿದ್ದ. ಕಾಗದದ ಸೊನ್ನೆಯನ್ನು ನಂಬಿ ಬಿಡಬಾರದು. ‘ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?’ ಎಂದು ಬಾಯಿಬಿಟ್ಟು ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಸಾಯೂದಲ್ರಿ, ಎಲ್ಲರೂ ಹೋಗೂ ದಿನ ನಾ ಇಲ್ಲಿ ಇರಬಾರದು ಅನಸ್ತೈತಿ’ ಅಂದ. ಯೋಜನೆ, ಸಾಧನ, ಹಿಂದಿನ ಪ್ರಯತ್ನ ಯಾವುದೂ ಇಲ್ಲ, ಕುಡಿತವಿಲ್ಲ. ಆದರೂ ಮೂವರ ನಂಬರ್ ಬರೆಸಲಾಯಿತು: ಅಕ್ಕ, ಒಬ್ಬ ಗೆಳೆಯ, ಮತ್ತು ಟೆಲಿ-ಮಾನಸ್‌ನ 14416. ಅದು 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂಕ 15 ಮುಟ್ಟಿದರೆ, ಅಥವಾ ನಾಲ್ಕು ವಾರದಲ್ಲಿ ಇಳಿಯದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗುವುದು ಎಂದು ಅಲ್ಲೇ ಒಪ್ಪಂದವಾಯಿತು.

ಎರಡನೇ ಭೇಟಿಯಲ್ಲಿ ಒಂದು ಹಾಳೆಗೆ ಮೂರು ಕಾಲಂ ಎಳೆಸಿದೆವು: ಏನು ಬಾಕಿ, ಕೊನೆಯ ದಿನ ಯಾವುದು, ಯಾರ ಟೇಬಲ್‌ಗೆ ಹೋಗಬೇಕು. ‘ನನ್ನ ಲೈಫ್ ಮುಗೀತು’ ಎಂಬುದಕ್ಕೆ ಟೇಬಲ್ಲೂ ಇಲ್ಲ, ದಿನಾಂಕವೂ ಇಲ್ಲ, ಆದ್ದರಿಂದ ಅದು ಹಾಳೆಯ ಹಿಂಬದಿಗೆ ಹೋಯಿತು. ಮುಂಬದಿಯಲ್ಲಿ ಉಳಿದದ್ದು ಎಂ-ತ್ರೀ, ಆಕ್ಟಿವಿಟಿ ಪಾಯಿಂಟ್ (ಪಾಠದ ಹೊರಗಿನ ಸೇವಾ ಕೆಲಸಕ್ಕೆ ಸಿಗುವ ಅಂಕ), ಪ್ರಾಜೆಕ್ಟ್ ವರದಿ, ಸಾಲ, ಮನೆಗೆ ಹೇಳುವುದು. ಕೆಲಸ ಹುಡುಕುವುದನ್ನು ಬೇಕೆಂತಲೇ ಪರೀಕ್ಷೆಯ ನಂತರಕ್ಕೆ ತಳ್ಳಿದೆವು. ಬ್ಯಾಕ್ ಇಟ್ಟುಕೊಂಡು ದಿನಕ್ಕೆ ಇಪ್ಪತ್ತು ಅರ್ಜಿ ಹಾಕಿ, ಉತ್ತರ ಬರದೆ ಇನ್ನಷ್ಟು ಕುಗ್ಗುವುದರಿಂದ ಲಾಭವಿಲ್ಲ.

ಎಂ-ತ್ರೀ ಬಗ್ಗೆ ಅವನ ಮಾತು ‘ಗಣಿತ ತಲಿಗೆ ಹತ್ತೂದಿಲ್ಲ’. ಅಂಕಪಟ್ಟಿ ಬೇರೆ ಹೇಳುತ್ತಿತ್ತು. ಇಂಟರ್ನಲ್ಸ್ (ಕಾಲೇಜೇ ಕೊಡುವ ಅಂಕ) 50ಕ್ಕೆ 27 ಇದೆ, ಬೇಕಾದದ್ದು 20. ಸೆಮಿಸ್ಟರ್ ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ, ಅದರಲ್ಲಿ 18 ಬೇಕು, ಎರಡೂ ಸೇರಿ 40. ಮೊದಲ ಸಲ ಅವನಿಗೆ 14, ಎರಡನೇ ಸಲ 16. ಮೂರನೇ ಸಲ ಪರೀಕ್ಷೆಗೇ ಹೋಗಲಿಲ್ಲ. ಅಂದರೆ ಎರಡನೇ ಸಲ ನೂರಕ್ಕೆ ನಾಲ್ಕೇ ಅಂಕ ಕಡಿಮೆ. ಎಲ್ಲಿ ಕಳೆದುಕೊಂಡೆ ಎಂದು ಕೆದಕಿದರೆ, ಪಠ್ಯದ ಮೊದಲ ಭಾಗದ, ಅಂದರೆ ಮೊದಲ ಮಾಡ್ಯೂಲ್‌ನ, ಒಂದು ಲೆಕ್ಕಕ್ಕೆ ಒಂದು ಗಂಟೆ ಹಿಡಿದು ಕೂತಿದ್ದ, ಕೊನೆಯ ಎರಡು ಮಾಡ್ಯೂಲ್ ಮುಟ್ಟಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಿಂದ 20 ಅಂಕದ ಒಂದು ಪೂರ್ಣ ಪ್ರಶ್ನೆ, ಮೂರು ಗಂಟೆ. ಒಂದಕ್ಕೆ 36 ನಿಮಿಷ.

ಉಳಿದಿದ್ದದ್ದು ಹನ್ನೊಂದು ವಾರ. ಐದೂ ಮಾಡ್ಯೂಲ್ ಓದುವ ಹಟ ಬಿಡಿಸಿ, ಕೈ ಕೂರುವ ನಾಲ್ಕನ್ನು ಆರಿಸಲು ಹೇಳಿದೆವು. ಒಂದೊಂದಕ್ಕೆ ಎರಡು ವಾರ, ವಾರಕ್ಕೆ ಐದು ದಿನ, ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ, ಲೈಬ್ರರಿಯಲ್ಲಿ, ಮೊಬೈಲ್ ಹಾಸ್ಟೆಲ್‌ನಲ್ಲೇ ಬಿಟ್ಟು. ಉಳಿದ ಮೂರು ವಾರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಯುವುದು. 36 ನಿಮಿಷ ಆದೊಡನೆ ಉತ್ತರ ಅರ್ಧವಿದ್ದರೂ ಪುಟ ತಿರುವಬೇಕು. ಮೆಟ್ಟಿಲು ಮೆಟ್ಟಿಲಿಗೆ ಅಂಕ ಬೀಳುವ ವಿಷಯದಲ್ಲಿ ನಾಲ್ಕು ಅರ್ಧ ಉತ್ತರ ಎರಡು ಪೂರ್ಣ ಉತ್ತರಕ್ಕಿಂತ ಕಡಿಮೆಯೇನಲ್ಲ. ಈ ಹುಡುಗರಿಗೆ ಪುಟ ತಿರುವುವುದೇ ಲೆಕ್ಕಕ್ಕಿಂತ ಕಷ್ಟ.

ನಿದ್ದೆಯಲ್ಲಿ ಮಲಗುವ ಹೊತ್ತನ್ನು ಮುಟ್ಟಲಿಲ್ಲ. ‘ಇವತ್ತಿಂದ ಹನ್ನೊಂದಕ್ಕೆ ಮಲಗ್ತೀನಿ’ ಎಂದವರು ಎರಡು ಗಂಟೆ ಹೊರಳಾಡಿ ಮತ್ತೆ ಮೊಬೈಲ್ ಹಿಡಿಯುತ್ತಾರೆ. ಏಳುವ ಹೊತ್ತನ್ನು ಮಾತ್ರ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತರಲಾಯಿತು, ಮೆಸ್‌ನ ತಿಂಡಿ ಸಿಗುವ ಎಂಟೂವರೆಯವರೆಗೆ. ಹಗಲು ನಿದ್ದೆ ಬೇಡ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಮಂಚದಿಂದ ಎದ್ದು ಕುರ್ಚಿಯಲ್ಲಿ ಕೂರುವುದು. ಚಾರ್ಜರ್ ಬಾಗಿಲ ಹತ್ತಿರದ ಪ್ಲಗ್‌ಗೆ. ಸಂಜೆ ವಾಲಿಬಾಲ್, ಮನಸ್ಸಿಲ್ಲದಿದ್ದರೂ ಅಂಕಣದವರೆಗೆ ನಡೆದು ಹೋಗುವುದು ಕಡ್ಡಾಯ, ಆಡುವುದು ಅವನ ಇಷ್ಟ. ಮನಸ್ಸು ಬಂದಮೇಲೆ ಹೋಗುತ್ತೇನೆ ಎಂದು ಕಾದರೆ ಈ ಸ್ಥಿತಿಯಲ್ಲಿ ಅದು ಬರುವುದಿಲ್ಲ, ಹೋದಮೇಲೆ ಬರುತ್ತದೆ.

ಆಕ್ಟಿವಿಟಿ ಪಾಯಿಂಟ್‌ಗಳನ್ನು ಎಲ್ಲರೂ ಮರೆಯುತ್ತಾರೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ನಿಯಮದಂತೆ ನೇರವಾಗಿ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ 75. ಇವು ಭರ್ತಿಯಾಗದಿದ್ದರೆ ಎಲ್ಲ ವಿಷಯ ಪಾಸಾದರೂ ಕೊನೆಯ ಗ್ರೇಡ್ ಕಾರ್ಡ್ ಕೈಗೆ ಬರುವುದಿಲ್ಲ. ಇವನಿಗೆ ಇದ್ದದ್ದು 60. ಇಪ್ಪತ್ತು ಪಾಯಿಂಟ್‌ಗೆ ಸುಮಾರು 80 ಗಂಟೆಯ ಕೆಲಸ ಬೇಕು, ಅಂದರೆ ಇನ್ನೂ 160 ಗಂಟೆ. ಅಷ್ಟನ್ನೂ ಪರೀಕ್ಷೆಯೊಳಗೆ ತುರುಕಿದರೆ ಎಂ-ತ್ರೀ ಮತ್ತೆ ಬೀಳುತ್ತದೆ. ಹತ್ತು ಶನಿವಾರ ಎಂಟೆಂಟು ಗಂಟೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ 20 ಗಳಿಸುವುದು, ಉಳಿದ 20ನ್ನು ಪರೀಕ್ಷೆಯ ನಂತರ ಊರ ಕಡೆ ಮುಗಿಸುವುದು ಎಂದು ಕೋಆರ್ಡಿನೇಟರ್ ಒಪ್ಪಿದರು. ಗ್ರೇಡ್ ಕಾರ್ಡ್ ಕೆಲವು ವಾರ ತಡವಾಗುತ್ತದೆ, ಆಗಲಿ. ಮುಂಚಿತವಾಗಿ ಒಪ್ಪಿಗೆ ಪಡೆಯದೆ ಕೆಲಸ ಮಾಡಿ, ಆಮೇಲೆ ಸಹಿಗೆ ಅಲೆಯುವುದು ಇಲ್ಲಿ ಸಾಮಾನ್ಯ ಎಡವಟ್ಟು. ಹಾಜರಿ ಹಾಳೆ, ಫೋಟೊ, ಮುಖ್ಯಶಿಕ್ಷಕರ ಪತ್ರ ಅದೇ ದಿನ ಕೈಯಲ್ಲಿರಬೇಕು.

ಪ್ರಾಜೆಕ್ಟ್ ಸಣ್ಣ ವಿಷಯ, ಆದರೆ ದಿನವೂ ಚುಚ್ಚುತ್ತಿತ್ತು. ನಾಲ್ವರ ತಂಡದಲ್ಲಿ ಇಬ್ಬರು ಬೆಂಗಳೂರಲ್ಲಿ, ವರದಿ ಬರೆಯುವುದು ಇವನೊಬ್ಬನೇ. ಜಗಳವಾಡುವ ಬದಲು ಗ್ರೂಪ್‌ಗೆ ಒಂದೇ ಮೆಸೇಜ್ ಹಾಕಿಸಿದೆವು: ಯಾವ ಅಧ್ಯಾಯ ಯಾರದು, ಯಾವ ತಾರೀಖಿಗೆ. ಅದರ ಪ್ರತಿಯನ್ನು ಗೈಡ್‌ಗೆ ತೋರಿಸಿದ. ಒಬ್ಬ ಬರೆದುಕೊಟ್ಟ, ಇನ್ನೊಬ್ಬ ಕೊಡಲಿಲ್ಲ. ವೈವಾದಲ್ಲಿ ಪ್ರಶ್ನೆ ಒಬ್ಬೊಬ್ಬರಿಗೂ ಬೇರೆ ಬರುತ್ತದೆ ಎಂಬುದು ಅವನಿಗೆ ಸಾಕಷ್ಟು ಸಮಾಧಾನ ಕೊಟ್ಟಿತು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಅಪ್ಪನಿಗೆ ಹೇಳುವ ತಯಾರಿ. ಅವ್ವನ ಮೂಲಕ ಹೇಳಿಸುತ್ತೇನೆ ಅಂದ. ಬೇಡ ಎಂದೆವು, ಹಾಗೆ ಮಾಡಿದರೆ ‘ನಿನಗೂ ಮೊದಲೇ ಗೊತ್ತಿತ್ತಾ’ ಎಂಬ ಏಟು ಅವ್ವನ ಮೇಲೆ ಬೀಳುತ್ತದೆ. ಫೋನಿನಲ್ಲಿ ಬೇಡ, ಊರಲ್ಲಿ ಎದುರಿಗೆ ಕೂತು. ಯುಗಾದಿಯ ದಿನ ಬೇಡ, ನೆಂಟರಿರುತ್ತಾರೆ. ಅಪ್ಪ ಗಾಡಿ ಓಡಿಸಿ ದಣಿದು ಬಂದ ಹೊತ್ತಿನಲ್ಲೂ ಬೇಡ. ಮಾತಿನ ಕ್ರಮ ಮುಖ್ಯ. ಇಂಥವರು ‘ಪೇಪರ್ ಟಫ್ ಇತ್ತು, ಸರ್ ಸರಿಯಾಗಿ ಕಲಿಸಲಿಲ್ಲ’ ಎಂದು ನೆಪದಿಂದ ಶುರು ಮಾಡುತ್ತಾರೆ, ಕೇಳುವವರಿಗೆ ನೆಪ ಮಾತ್ರ ಕೇಳಿಸುತ್ತದೆ. ಆದ್ದರಿಂದ ಮೊದಲು ಸಂಗತಿ, ಆಮೇಲೆ ಮಾಡುತ್ತಿರುವುದು, ಆಮೇಲೆ ಮುಂದೇನು. ಕಾರಣ ಕೇಳಿದರೆ ಮಾತ್ರ. ಸಲಹೆಗಾರರು ಅಪ್ಪನ ಜಾಗದಲ್ಲಿ ಕೂತು, ಬೈದೂ ನೋಡಿ, ಮೂರು ಸಲ ಅಭ್ಯಾಸ ಮಾಡಿಸಿದರು. ಅವನೇ ಬರೆದುಕೊಂಡ ಮಾತು ಇದು: ‘ಅಪ್ಪಾ, ಮೂರನೇ ಸೆಮಿಸ್ಟರ್ ಗಣಿತ ಇನ್ನೂ ಪಾಸಾಗಿಲ್ಲ. ಎರಡ ವರ್ಷದಿಂದ ನಿಮಗ ಹೇಳಿಲ್ಲ, ಅದು ನನ್ನ ತಪ್ಪು. ಈ ಸಲ ಬರ್ಯಾಕ ಫೀ ಕಟ್ಟೇನಿ, ದಿನಾ ಓದಾಕತ್ತೇನಿ. ಪಾಸಾಗಲಿಲ್ಲಂದ್ರ ಡಿಗ್ರಿ ಆರ ತಿಂಗಳು ತಡ ಆಗತೈತಿ.’

ಅಪ್ಪ ಬಹಳ ಬೈಯಲಿಲ್ಲ. ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಕೇಳಿದ್ದು ಸಾಲದ ಕಂತು ಯಾವಾಗ ಸುರುವಾಗುತ್ತದೆ ಎಂದು. ಪರೀಕ್ಷೆ ಮುಗಿದ ತಿಂಗಳೇ ಕಟ್ಟಬೇಕು ಎಂದು ಮನೆಯವರೆಲ್ಲ ತಿಳಿದಿದ್ದರು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತಿಲ್ಲ; ಓದು ನಿಗದಿತ ಕಾಲದಲ್ಲಿ ಮುಗಿಯದಿದ್ದರೆ ಗರಿಷ್ಠ ಎರಡು ವರ್ಷದವರೆಗೆ ಅವಧಿ ವಿಸ್ತರಿಸಲೂ ಅವಕಾಶವಿದೆ. ಆದರೆ ಅದು ತಾನಾಗಿ ಆಗುವುದಿಲ್ಲ, ಕಾಲೇಜಿನ ಪತ್ರದ ಜೊತೆ ಅರ್ಜಿ ಕೊಡಬೇಕು. ಈ ಅವಧಿಯಲ್ಲಿ ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ: 4 ಲಕ್ಷಕ್ಕೆ ಶೇ 10ರಂತೆ ವರ್ಷಕ್ಕೆ 40,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕೋರ್ಸ್ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಗೆ ಕೇಂದ್ರದ ಸಹಾಯಧನ ಸಿಗಬಹುದು. ಅದು ತಮ್ಮ ಖಾತೆಗೆ ಜಮೆಯಾಗುತ್ತಿದೆಯೇ ಎಂದು ಪಾಸ್‌ಬುಕ್ ಹಿಡಿದು ಕೇಳಿಬರಲು ತಂದೆ ಮಗ ಇಬ್ಬರೂ ಒಟ್ಟಿಗೆ ಹೋದರು. ಆ ಬ್ಯಾಂಕ್ ಭೇಟಿಯೇ ಇಬ್ಬರ ನಡುವೆ ಮಾತು ಮರಳಿಸಿತು ಎಂದು ನಮ್ಮ ಊಹೆ.

ನಾಲ್ಕನೇ ವಾರಕ್ಕೆ ಪಿಎಚ್‌ಕ್ಯೂ-9 ಅಂಕ 14ರಿಂದ 9ಕ್ಕೆ ಇಳಿಯಿತು, ಏಳನೇ ವಾರಕ್ಕೆ ಮತ್ತೆ 13. ನಡುವೆ ಬೀಳ್ಕೊಡುಗೆ ನಡೆದಿತ್ತು. ಒಂದು ಗಂಟೆ ಹೋಗಿ ಬರುವುದು ಎಂದು ಮಾತಾಗಿದ್ದರೂ ಅವನು ಹೋಗಲಿಲ್ಲ, ಕೋಣೆಯಲ್ಲಿ ಕೂತು ಎಲ್ಲರ ಸ್ಟೇಟಸ್ ನೋಡಿದ. ಆಫರ್ ಲೆಟರ್ ಹಿಡಿದ ಫೋಟೊಗಳು, ಕೋಟು, ಕೇಕು. ಅಲ್ಲಿಂದ ಪರೀಕ್ಷೆಯವರೆಗೆ ಸ್ಟೇಟಸ್‌ಗಳನ್ನು ಮ್ಯೂಟ್ ಮಾಡಿಸಿ, ಒಂಬತ್ತನೇ ಪ್ರಶ್ನೆಯನ್ನು ವಾರಕ್ಕೆರಡು ಸಲ ಕೇಳಲಾಯಿತು. ‘ಕೆಲಸ ಸಿಕ್ತೇನಪಾ?’ ಎನ್ನುವ ನೆಂಟರಿಗೆ ಒಂದು ಸಿದ್ಧ ಉತ್ತರ ಕೊಟ್ಟೆವು: ‘ಪರೀಕ್ಷೆ ಮುಗೀಲ್ರಿ, ಆಮ್ಯಾಲೆ ಹುಡುಕೂದು.’ ಅಷ್ಟೇ, ವಿವರಣೆ ಬೇಡ. ಹತ್ತನೇ ವಾರದ ಅಂಕ 8.

ಪರೀಕ್ಷೆ ಬರೆದಿದ್ದಾನೆ. ಎಂ-ತ್ರೀಯಲ್ಲಿ ನಾಲ್ಕು ಮಾಡ್ಯೂಲ್ ಮುಟ್ಟಿದ್ದಾನೆ, ಫಲಿತಾಂಶ ಬಂದಿಲ್ಲ. ಪಾಸಾದರೆ ಪ್ರೊವಿಷನಲ್ ಪ್ರಮಾಣಪತ್ರಕ್ಕೆ ಅರ್ಜಿ, ಅದರ ಬೆನ್ನಿಗೆ ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್‌ಗೆ ನೋಂದಣಿ. ಮೆಕ್ಯಾನಿಕಲ್‌ನವರಿಗೆ ಕಾರ್ಖಾನೆಯ ಶಾಪ್ ಫ್ಲೋರ್‌ಗೆ ಕಾಲಿಡಲು ಇದು ಒಳ್ಳೆಯ ದಾರಿ, ಸ್ಟೈಪೆಂಡ್ ಕೂಡ ಇದೆ. ಪದವಿ ಮುಗಿದು 180 ದಿನ ಕೆಲಸವಿಲ್ಲದಿದ್ದರೆ ರಾಜ್ಯದ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿಗೆ ಅರ್ಜಿ ಹಾಕಬಹುದು. ‘ಡೆಪಾಸಿಟ್ ಕಟ್ಟಿದರೆ ಕೆಲಸ’ ಎನ್ನುವ ಯಾವ ಕನ್ಸಲ್ಟೆನ್ಸಿಗೂ ಹಣ ಕೊಡಕೂಡದು ಎಂದು ತಂದೆಗೂ ಹೇಳಿದ್ದೇವೆ; ಹತಾಶರಾದ ಮನೆಗಳೇ ಅವರ ಗಿರಾಕಿಗಳು. ಒಂದೆರಡು ಅಂಕ ಕಡಿಮೆ ಬಂದರೆ ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿ ನೋಡಿ, ಪ್ರಕಟಣೆಯ ಕೊನೆಯ ದಿನದೊಳಗೆ ಮರುಮೌಲ್ಯಮಾಪನಕ್ಕೆ ಹಾಕುವುದು. ತೀರಾ ಕಡಿಮೆ ಬಂದರೆ ಬೆಂಗಳೂರಿನ ಪಿಜಿ ವಾಸ ಬೇಡ, ಊರಲ್ಲೇ ಇದ್ದು ಮುಂದಿನ ಪರೀಕ್ಷೆ ಬರೆಯುವುದು.

ಹಾಸ್ಟೆಲ್ ಬಿಟ್ಟ ದಿನ ಕಾಲೇಜಿನ ಆಪ್ತಸಲಹೆಯೂ ನಿಲ್ಲುತ್ತದೆ, ಫಲಿತಾಂಶ ಬರುವುದು ಆಮೇಲೆ. ಹೆಚ್ಚು ಜೋಪಾನ ಬೇಕಾದದ್ದು ಈ ನಡುವಿನ ವಾರಗಳಲ್ಲಿ. ಅವನ ಒಪ್ಪಿಗೆಯಿಂದ ಅಕ್ಕನಿಗೆ ವಿಷಯ ತಿಳಿಸಲಾಗಿದೆ. ಫಲಿತಾಂಶವನ್ನು ಅಕ್ಕನ ಮನೆಯಲ್ಲಿ, ಅವಳ ಎದುರಿಗೇ ನೋಡುವುದು ಎಂದು ತೀರ್ಮಾನವಾಗಿದೆ. ಖಿನ್ನತೆಯ ಅಂಕ ಮತ್ತೆ ಏರಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರ ತೋರಿಸಲು ಪತ್ರ ಬರೆದುಕೊಟ್ಟಿದ್ದೇವೆ. ಫಲಿತಾಂಶದ ಮರುದಿನ ಒಂದು, ಅದಾದ ಒಂದು ತಿಂಗಳಿಗೆ ಇನ್ನೊಂದು ಫೋನ್ ಭೇಟಿ ನಿಗದಿಯಾಗಿದೆ. ಅಲ್ಲಿಯವರೆಗೆ ಪ್ರಕರಣ ಮುಕ್ತಾಯ ಎಂದು ಬರೆದಿಲ್ಲ.