ತಮ್ಮನನ್ನು ನೇರವಾಗಿ ಕೇಳಬಹುದಾ?

ಪ್ರಶ್ನೆ: ನನ್ನ ತಮ್ಮ ಎರಡು ತಿಂಗಳ ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸಿದ್ದ. ಬದುಕುಳಿದ. ಮನೆಯಲ್ಲಿ ಎಲ್ಲರೂ ಅದನ್ನು 'ಆ ವಿಷಯ' ಅಂತಾರೆ. ದೊಡ್ಡಪ್ಪ ಮಾತ್ರ ಅವನ ಎದುರಿಗೇ 'ಹೇಡಿಗಳ ಕೆಲಸ' ಅಂದುಬಿಟ್ಟರು. ಈಗ ಅವನು ಮತ್ತೆ ಮಂಕಾಗಿದ್ದಾನೆ. ಕೇಳಬೇಕು ಅನಿಸುತ್ತೆ, ಆದರೆ ನಾನೇ ನೆನಪಿಸಿದ ಹಾಗಾದರೆ?

ಉತ್ತರ: ಕೇಳಿ. ಇವತ್ತೇ ಕೇಳಿ. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನುವ ಭಯ ತುಂಬಾ ಜನಕ್ಕಿದೆ. ಹಾಗಾಗುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಒಳಗೊಳಗೇ ಒದ್ದಾಡುತ್ತಿರುವವರಿಗೆ ಯಾರಾದರೂ ಕೇಳಿದರಲ್ಲ ಅಂತ ಎಷ್ಟೋ ಸಲ ಸಮಾಧಾನವೇ ಆಗುತ್ತೆ.

ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. 'ಮತ್ತೆ ಹಂಗೆಲ್ಲಾ ಯೋಚನೆ ಮಾಡ್ತಿಲ್ಲ ತಾನೆ?' ಅಂದರೆ ಅವನು 'ಇಲ್ಲ ಬಿಡು' ಅಂದುಬಿಡುತ್ತಾನೆ, ಯಾಕೆಂದರೆ ನಿಮಗೆ ಬೇಕಾದ ಉತ್ತರ ಏನು ಅಂತ ಆ ಪ್ರಶ್ನೆಯಲ್ಲೇ ಗೊತ್ತಾಗುತ್ತೆ, ಅಲ್ವಾ? ಇಬ್ಬರೇ ಇರುವಾಗ, ಫೋನ್ ಪಕ್ಕಕ್ಕಿಟ್ಟು, 'ನೀನು ಮಂಕಾಗಿದ್ದೀಯ, ನಂಗೆ ಭಯ ಆಗ್ತಿದೆ. ಸಾಯಬೇಕು ಅಂತ ಮತ್ತೆ ಅನಿಸ್ತಿದೆಯಾ?' ಅಂತ ಕೇಳಿ. ಆಮೇಲೆ ಸುಮ್ಮನಿರಿ. ಅವನು ಎಷ್ಟು ಹೊತ್ತು ತಗೊಂಡರೂ ಪರವಾಗಿಲ್ಲ. 'ಅಮ್ಮನ ಮುಖ ನೋಡು' ಅನ್ನಬೇಡಿ, ಅವನಿಗೆ ಈಗಾಗಲೇ ತಪ್ಪಿತಸ್ಥ ಭಾವ ಬೇಕಾದಷ್ಟಿರುತ್ತೆ.

ಇನ್ನು ಮನೆಯವರ ಮಾತು. 'ಹೇಡಿ' ಅನ್ನಿಸಿಕೊಂಡವನು ಮುಂದಿನ ಸಲ ಕಷ್ಟ ಬಂದಾಗ ಆ ಮನೆಯಲ್ಲಿ ಬಾಯಿಬಿಡುತ್ತಾನಾ? 'ಪ್ರಯತ್ನ ವಿಫಲವಾಯಿತು' ಅನ್ನುವವರೂ ಇದ್ದಾರೆ, ಪಾಪ, ಕೆಟ್ಟ ಉದ್ದೇಶದಿಂದಲ್ಲ. ಆದರೆ ಬದುಕಿದ್ದನ್ನು ಸೋಲು ಅಂತ ಕರೆದ ಹಾಗಾಗುತ್ತೆ. 'ಬದುಕುಳಿದ' ಅಂದರೆ ಸಾಕು. ಸುದ್ದಿಗಳಲ್ಲಿ ಬರುವ 'ಆತ್ಮಹತ್ಯೆಗೆ ಶರಣು' ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಮಾತು. ದೇವರಿಗೆ, ಗುರುಗಳಿಗೆ ಹೇಳುವ ಶರಣು ಅದು, ಅಲ್ಲಿ ಏನೋ ಆಸರೆ ಸಿಗುತ್ತೆ ಅನ್ನುವ ಹಾಗೆ ಕೇಳಿಸುತ್ತೆ. 'ಮಾರ್ಕ್ಸ್ ಕಮ್ಮಿ ಬಂತು ಅಂತ ಹೀಗೆ ಮಾಡಿಕೊಂಡ' ಅಂತ ಒಂದೇ ಕಾರಣ ಅಂಟಿಸುವುದೂ ಸರಿಯಲ್ಲ, ಸಾಮಾನ್ಯವಾಗಿ ಹತ್ತಾರು ಕಾರಣ ಹೆಣೆದುಕೊಂಡಿರುತ್ತವೆ.

ದೊಡ್ಡಪ್ಪನ ಹತ್ತಿರ ವಾದಕ್ಕೆ ಇಳಿಯಬೇಡಿ. 'ದೊಡ್ಡಪ್ಪಾ, ಅವನಿಗೆ ಹುಷಾರಿರಲಿಲ್ಲ, ಈಗ ಸುಧಾರಿಸ್ಕೋತಿದ್ದಾನೆ, ಅವನ ಮುಂದೆ ಆ ಮಾತು ಬೇಡ' ಅಂತ ಒಬ್ಬರೇ ಇರುವಾಗ ಹೇಳಿ. ಕಾನೂನೂ ನಿಮ್ಮ ಕಡೆಗೇ ಇದೆ: 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತೆ, ಅವರಿಗೆ ಆರೈಕೆ ಕೊಡುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತೆ.

ತಮ್ಮ 'ಹೌದು' ಅಂದರೆ ಗಾಬರಿ ತೋರಿಸಬೇಡಿ. 'ಹೇಳಿದ್ದು ಒಳ್ಳೇದಾಯ್ತು' ಅನ್ನಿ. ಅವನನ್ನು ಒಬ್ಬನೇ ಬಿಡಬೇಡಿ, ಅಪಾಯ ಆಗಬಹುದಾದ ವಸ್ತು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಏನಾದರೂ ಮಾಡಿಕೊಂಡುಬಿಡುತ್ತಾನೆ ಅನಿಸಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವನಿಗೋಸ್ಕರ ಮಾತ್ರ ಅಂತಲ್ಲ, ನಿಮಗೆ ರಾತ್ರಿ ನಿದ್ದೆ ಬರದಿದ್ದಾಗಲೂ ಫೋನ್ ಮಾಡಿ.