ಆರು ಸಿಲಿಂಡರ್, ಒಂದೇ ಬೆಂಕಿ

ಓದುಗರ ಪತ್ರ: ಅಮೆರಿಕದ ಹಳೆಯ ಉಗಿ ಇಂಜಿನ್ ಒಂದರ ಫೋಟೊ ನೋಡಿದೆ. ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್ ಅಡಿಯಲ್ಲೂ ದೊಡ್ಡ ಚಕ್ರಗಳು, ಸಿಲಿಂಡರ್‌ಗಳು! ಅಷ್ಟು ಬಲದ ಇಂಜಿನ್ ಯಾಕೆ ಎಲ್ಲೂ ಉಳಿಯಲಿಲ್ಲ? ಕಟ್ಟಿದವರಿಗೆ ಲೆಕ್ಕ ಗೊತ್ತಿರಲಿಲ್ಲವೇ?

ಸಂಪಾದಕರ ಉತ್ತರ: ನೀವು ನೋಡಿದ್ದು ಈರಿ ರೈಲ್ವೆಯ ಟ್ರಿಪ್ಲೆಕ್ಸ್ ಇರಬೇಕು. 1914ರಿಂದ 1916ರೊಳಗೆ ಬಾಲ್ಡ್‌ವಿನ್ ಕಾರ್ಖಾನೆ ಈರಿಗಾಗಿ ಇಂಥ ಮೂರು ಇಂಜಿನ್ ಕಟ್ಟಿತು. ಮೊದಲನೆಯದಕ್ಕೆ ಇಟ್ಟಿದ್ದು ಮ್ಯಾಟ್ ಶೇ ಎಂಬ ಹಿರಿಯ ಚಾಲಕನ ಹೆಸರು. ದೊಡ್ಡ ಸಾಹೇಬರ ಹೆಸರಲ್ಲ, ಚಾಲಕನದು. ನನಗಂತೂ ಇದು ತುಂಬಾ ಹಿಡಿಸಿತು.

ಕಟ್ಟಿದವರಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಟೆಂಡರ್‌ನ ಭಾರ ಸುಮ್ನೆ ಹಿಂದೆ ಉರುಳುತ್ತದೆ, ಅದನ್ನೂ ಎಳೆಯುವ ಚಕ್ರಗಳ ಮೇಲೆ ಹೇರಿದರೆ ಹಿಡಿತ ಜಾಸ್ತಿಯಾಗುತ್ತದೆ ಅಲ್ವಾ? ವಿನ್ಯಾಸಕ ಜಾರ್ಜ್ ಹೆಂಡರ್ಸನ್ ಹಿಡಿದ ದಾರಿ ಇದು. ಎಂಟೆಂಟು ಚಕ್ರಗಳ ಮೂರು ಗುಂಪು, ಒಟ್ಟು 24. ಎಳೆಯುವ ಬಲ 72 ಟನ್‌ಗೂ ಹೆಚ್ಚು. ಪರೀಕ್ಷೆಯಲ್ಲಿ 250 ವ್ಯಾಗನ್‌ಗಳ ರೈಲನ್ನು ಒಂದೇ ಇಂಜಿನ್ ಎಳೆಯಿತು.

ತೊಂದರೆ ಇದ್ದದ್ದು ಉಗಿಯಲ್ಲಿ. ಬಾಯ್ಲರ್‌ನ ಉಗಿ ಮೊದಲು ನಡುವಿನ ಎರಡು ಸಿಲಿಂಡರ್‌ಗೆ ಹೋಗುತ್ತಿತ್ತು. ಅಲ್ಲಿ ಕೆಲಸ ಮುಗಿಸಿದ ಉಗಿಯಲ್ಲಿ ಅರ್ಧ ಮುಂದಿನ ಜೋಡಿಗೆ, ಅರ್ಧ ಟೆಂಡರ್ ಕೆಳಗಿನ ಜೋಡಿಗೆ. ಮುಂದಿನದು ಚಿಮಣಿಯಿಂದ ಹೊರಬೀಳುತ್ತಿತ್ತು. ಉಗಿ ಇಂಜಿನ್‌ನಲ್ಲಿ ಬೆಂಕಿಯನ್ನು ಜೋರಾಗಿ ಉರಿಸುವುದೇ ಈ ರಭಸ: ಉಗಿ ಚಿಮಣಿಯಲ್ಲಿ ನುಗ್ಗುವಾಗ ಒಲೆಯೊಳಕ್ಕೆ ಗಾಳಿ ಎಳೆದುಕೊಳ್ಳುತ್ತದೆ. ಹಿಂದಿನ ಜೋಡಿಯ ಉಗಿಯೋ, ಟೆಂಡರ್‌ನಿಂದ ಬರುವ ನೀರನ್ನು ಕಾಯಿಸಿ ಹಿಂಬದಿಯ ಕೊಳವೆಯಿಂದ ಹೊರಟುಹೋಗುತ್ತಿತ್ತು. ಬೆಂಕಿಗೆ ಸಿಕ್ಕಿದ್ದು ಅರ್ಧ ಗಾಳಿ. ಉಗಿ ಕೇಳುವವು ಮಾತ್ರ 36 ಇಂಚು ಅಗಲದ ಆರು ಸಿಲಿಂಡರ್! ಸ್ವಲ್ಪ ದೂರ ಹೋಗುವಷ್ಟರಲ್ಲಿ ಒತ್ತಡ ಇಳಿಯುತ್ತಿತ್ತು. ವೇಗ ಗಂಟೆಗೆ ಸುಮಾರು 16 ಕಿ.ಮೀ. ಮೇಲಾಗಿ, ನೀರು ಖಾಲಿಯಾದ ಹಾಗೆ ಹಿಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಅವು ಜಾರುತ್ತಿದ್ದವು.

ಹಾಗಂತ ಇದನ್ನು ಪೂರ್ತಿ ಸೋಲು ಎನ್ನಲು ನಾನು ಒಪ್ಪುವುದಿಲ್ಲ. ಪೆನ್ಸಿಲ್ವೇನಿಯಾದ ಸಸ್ಕ್ವಿಹಾನಾದಿಂದ ಗಲ್ಫ್ ಸಮ್ಮಿಟ್ ತನಕದ ಏರಿನಲ್ಲಿ ಗೂಡ್ಸ್ ರೈಲುಗಳನ್ನು ಹಿಂದಿನಿಂದ ತಳ್ಳುವುದು ಇವುಗಳ ಕೆಲಸ. ಆ ನಿಧಾನದ ಕೆಲಸವನ್ನು ವರ್ಷಗಟ್ಟಲೆ ಮಾಡಿದವು. 1930ರ ದಶಕದ ಆರಂಭದೊಳಗೆ ಮೂರೂ ಗುಜರಿಗೆ ಹೋದವು.

ವರ್ಜಿನಿಯನ್ ರೈಲ್ವೆಗೆ 1916ರಲ್ಲಿ ಇಂಥದ್ದೇ ನಾಲ್ಕನೆಯದೊಂದು ಬಂತು. ಅದಕ್ಕೂ ಉಗಿ ಸಾಲಲಿಲ್ಲ. ಬಾಲ್ಡ್‌ವಿನ್‌ನವರು ಅದನ್ನು ಬಿಚ್ಚಿ ಎರಡು ಬೇರೆ ಇಂಜಿನ್ ಮಾಡಿಕೊಟ್ಟರು. ಆಗ ಎರಡಕ್ಕೂ ಸ್ವಂತ ಬಾಯ್ಲರ್ ಇತ್ತು.